ಸರ್ಬಿಯಾ ದೊರೆಗಳ ಬೆಳ್ಳಿಯ ದೀನಾರ

ನಮ್ಮ ಹಿರಿಯರು ಕೈಗೆ ಬಂದ ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಪುಟಿಸಿ, ಅದರ ನಾದವನ್ನು ಕೇಳಿದ ಬಳಿಕವೇ ಗಂಟಿಗೆ ಸೇರಿಸುತ್ತಿದ್ದರು. ಮುದ್ರೆಯು ಯಾವ ಅರಸನದಾದರೂ ಆಗಲಿ, ಬೆಳ್ಳಿಯು ಅಪ್ಪಟವಾಗಿರಬೇಕೆಂಬುದೇ ಅವರ ನ್ಯಾಯ. ಈ ಪರೀಕ್ಷೆಗೆ ಅರಸನೇ ಗುರಿಯಾದ ವೃತ್ತಾಂತವೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಯೂರೋಪಿನ ಆಗ್ನೇಯದಲ್ಲಿರುವ ಸರ್ಬಿಯಾವನ್ನು 1243ರಿಂದ 1276ರ ವರೆಗೆ ಒಂದನೆಯ ಉರೋಶನೆಂಬ ದೊರೆಯು ಆಳಿದನು. ಗಣಿಯ ಕೆಲಸದಲ್ಲಿ ನುರಿತ ಸ್ಯಾಕ್ಸನ್ ಜನರು ಆತನ ಕಾಲದಲ್ಲಿ ಬಂದು ನೆಲೆಸಿದರು. ಬ್ರ್‌ಸ್ಕೊವೊ ಎಂಬಲ್ಲಿ ಬೆಳ್ಳಿಯನ್ನು ತೆಗೆದರು. ಅದರಿಂದ ದೀನಾರಗಳು ಹುಟ್ಟಿದುವು. ದೀನಾರವೆಂಬ ಹೆಸರು ರೋಮನರದು. ಗುಪ್ತರ ಕಾಲದ ನಮ್ಮ ಶಾಸನಗಳಲ್ಲಿ ಕಾಣುವ ದೀನಾರಕ್ಕೂ ಅದೇ ಮೂಲ.

ಆಗ ವ್ಯಾಪಾರಿಗಳೆಲ್ಲ ನಂಬುತ್ತಿದ್ದುದು ವೆನಿಸ್ ನಗರದ 'ಗ್ರೊಸ್ಸೊ' ಎಂಬ ಬೆಳ್ಳಿಯ ನಾಣ್ಯವನ್ನು. ಅದರ ತೂಕವು ಎರಡು ಗ್ರಾಮಿಗೆ ಕೊಂಚ ಹೆಚ್ಚು; ಬೆಳ್ಳಿಯು ನೂರಕ್ಕೆ 96ಕ್ಕೂ ಮಿಗಿಲು. ಒಂದು ಮುಖದಲ್ಲಿ ಸಿಂಹಾಸನಾರೂಢನಾದ ಕ್ರಿಸ್ತ. ಇನ್ನೊಂದರಲ್ಲಿ ನಗರದ ಅಧಿಪತಿಗೆ ಧ್ವಜವನ್ನೀಯುವ ಸಂತ ಮಾರ್ಕ. ಸರ್ಬಿಯಾದವರು ಇದೇ ಚಿತ್ರವನ್ನು ತೆಗೆದುಕೊಂಡು, ಮಾರ್ಕನಿದ್ದೆಡೆ ಸಂತ ಸ್ಟೀಫನನನ್ನೂ ಅಧಿಪತಿಯಿದ್ದೆಡೆ ತಮ್ಮ ದೊರೆಯನ್ನೂ ನಿಲ್ಲಿಸಿದರು. ಹೆಸರು ದೊರೆಯದೇ ನಿಜ. ಆದರೆ ಅಕ್ಷರವನ್ನರಿಯದವನಿಗೆ ಭೇದವು ತಿಳಿಯುವುದೆಂತು? ಕಾಲಕ್ರಮದಲ್ಲಿ ಅವುಗಳ ಬೆಳ್ಳಿಯೂ ಕಡಮೆಯಾಯಿತು. ಈ ನಾಣ್ಯಗಳನ್ನು ತಡೆಗಟ್ಟಬೇಕೆಂದು ವೆನಿಸ್ ನಗರದ ಮಹಾಸಭೆಯು 1282ರಲ್ಲಿ ಕಟ್ಟಪ್ಪಣೆ ಮಾಡಿತು.

ಅದೇ ವರ್ಷ ಪಟ್ಟವೇರಿದವನು ಉರೋಶನ ಮಗ ಮಿಲುಟಿನ್. ಗ್ರಾಚಾನಿತ್ಸಾ ಮೊದಲಾದ ಸುಂದರ ಮಠಗಳನ್ನು ಕಟ್ಟಿಸಿದ ಪುಣ್ಯವು ಆತನದು. ಆದರೂ ಇಟಲಿಯ ಮಹಾಕವಿ ದಾಂತೆಯು ತನ್ನ ಕಾವ್ಯದ ಸ್ವರ್ಗಕಾಂಡದಲ್ಲಿ, ಅಧರ್ಮಿಗಳಾದ ಅರಸರ ಸಾಲಿನಲ್ಲಿ, ವೆನಿಸ್ ನಾಣ್ಯವನ್ನು ಕೆಡಿಸಿದವನೆಂದು ಸರ್ಬಿಯಾದ ದೊರೆಯನ್ನು ನಿಂದಿಸಿದನು. ಈತನೇ ಮಿಲುಟಿನನೆಂದು ಪಂಡಿತರ ಅಭಿಪ್ರಾಯ. ಕವಿಯೂ ದೊರೆಯೂ ತೀರಿಕೊಂಡುದು ಒಂದೇ ವರ್ಷದಲ್ಲಿ, 1321ರಲ್ಲಿ. ನಿಂದೆ ಮಾತ್ರ ಉಳಿಯಿತು.

ಮಿಲುಟಿನನ ಮೊಮ್ಮಗ ದುಶಾನನು 1346ರಲ್ಲಿ ಚಕ್ರವರ್ತಿಯಾದನು. ಆತನ ಧರ್ಮಶಾಸನವನ್ನು 1349ರಲ್ಲಿ ಸಾರಿ, 1354ರಲ್ಲಿ ಬೆಳೆಸಿದರು. ಗುಟ್ಟಾಗಿ ನಾಣ್ಯವನ್ನು ಮಾಡುವ ಅಕ್ಕಸಾಲಿಗನನ್ನು ಸುಡಬೇಕು, ಆ ಊರಿನವರು ದಂಡವನ್ನು ತೆರಬೇಕು ಎಂದು ಅದರಲ್ಲಿ ವಿಧಿಸಿದೆ. ಅಜ್ಜನಿಗೆ ಕವಿಯ ಮಾತಷ್ಟೇ ಶಿಕ್ಷೆ. ಬಡ ಅಕ್ಕಸಾಲಿಗನಿಗೆ ಬೆಂಕಿ!

1459ರಲ್ಲಿ ತುರ್ಕರು ಆ ರಾಜ್ಯವನ್ನು ಮುಗಿಸಿದರು. ಇಂದಿನ ಸರ್ಬಿಯಾದ ನಾಣ್ಯಕ್ಕೂ ದೀನಾರವೆಂದೇ ಹೆಸರು. ಮುದ್ರೆಯು ಅರಸನ ಅಧಿಕಾರದಿಂದ ಬೀಳುತ್ತದೆ. ನಂಬಿಕೆಯನ್ನಾದರೋ ಒಳಗಿನ ಬೆಳ್ಳಿಯೇ ಗಳಿಸಬೇಕು. ಮನೆತನದ ಮಾತಿಗೂ ಇದೇ ಒರೆಗಲ್ಲೆಂದು ನಾವು ತಿಳಿಯುತ್ತೇವೆ.