‘ಡೌಟ್’ ಎಂದರೆ ಹೌದೋ, ಅಲ್ಲವೋ?

ಕನ್ನಡ ಮಾಧ್ಯಮದ ಮಕ್ಕಳ ಬಾಯಲ್ಲೂ ಸಲೀಸಾಗಿ ಹೊರಳುವ ಇಂಗ್ಲಿಷ್ ಪದಗಳಲ್ಲಿ ‘ಡೌಟ್’ ಒಂದು. ‘ಸಾರ್, ಒಂದು ಡೌಟು’ ಎಂದು ವಿದ್ಯಾರ್ಥಿ ಎದ್ದು ನಿಲ್ಲುತ್ತಾನೆ. ಮಳೆ ಬರುವುದು ಡೌಟು, ಬಸ್ಸು ಸಿಗುವುದು ಡೌಟು, ಅವನ ಮೇಲೇ ಡೌಟು. ಹೀಗೆ ಈ ಪದ ಕನ್ನಡದ ಮನೆಮಗನೇ ಆಗಿಬಿಟ್ಟಿದೆ. ಆದರೆ ಇದೇ ಪದ ಇಂಗ್ಲಿಷಿನಲ್ಲಿ ವಾಕ್ಯ ಬರೆಯುವಾಗ ಕೈಕೊಡುತ್ತದೆ. ಕೆಲವೊಮ್ಮೆ ಹೇಳಬೇಕೆಂದಿದ್ದಕ್ಕೆ ನೇರ ವಿರುದ್ಧವಾದ ಅರ್ಥವನ್ನೇ ಕೊಟ್ಟುಬಿಡುತ್ತದೆ.

ಒಂದು ಉದಾಹರಣೆ ನೋಡಿ. ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬನ ಕೈಗಡಿಯಾರ ಕಳೆದುಹೋಗಿದೆ. ಪಕ್ಕದ ಕೋಣೆಯ ಹುಡುಗನ ಮೇಲೆ ಅವನಿಗೆ ಅನುಮಾನ. ವಾರ್ಡನ್ನರಿಗೆ ಕೊಡುವ ದೂರಿನಲ್ಲಿ ‘ಐ ಡೌಟ್ ದಟ್ ಹೀ ಟುಕ್ ಮೈ ವಾಚ್’ ಎಂದು ಬರೆಯುತ್ತಾನೆ. ‘ಅವನೇ ತೆಗೆದಿರಬೇಕೆಂದು ನನ್ನ ಅನುಮಾನ’ ಎಂಬುದು ಅವನ ಮನಸ್ಸಿನಲ್ಲಿರುವ ಮಾತು. ಆದರೆ ಇಂಗ್ಲಿಷಿನಲ್ಲಿ ಆ ವಾಕ್ಯದ ಅರ್ಥ ‘ಅವನು ತೆಗೆದಿರಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ’ ಎಂದು. ದೂರು ಕೊಡಲು ಹೋದವನು ಖುಲಾಸೆ ಪತ್ರ ಬರೆದುಕೊಟ್ಟಂತಾಯಿತು! ಅಲ್ಲಿ ಬೇಕಾಗಿದ್ದ ಪದ ‘ಸಸ್ಪೆಕ್ಟ್’.

ಇಷ್ಟು ನೆನಪಿಟ್ಟರೆ ಸಾಕು: ‘ಐ ಡೌಟ್’ ಎಂದಾಗ ಮನಸ್ಸು ‘ಇಲ್ಲ’ದ ಕಡೆಗೆ ವಾಲುತ್ತದೆ, ‘ಐ ಸಸ್ಪೆಕ್ಟ್’ ಎಂದಾಗ ‘ಹೌದು’ ಎಂಬ ಕಡೆಗೆ. ‘ಐ ಡೌಟ್ ಇಫ್ ಇಟ್ ವಿಲ್ ರೇನ್’ ಎಂದವನು ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾನೆ. ‘ಐ ಸಸ್ಪೆಕ್ಟ್ ಇಟ್ ವಿಲ್ ರೇನ್’ ಎಂದವನು ಕೊಡೆ ಹಿಡಿದು ಹೊರಡುತ್ತಾನೆ.

ಈ ಗೊಂದಲಕ್ಕೆ ಕಾರಣ ಕನ್ನಡದಲ್ಲೇ ಇದೆ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ ಎಂದು. ‘ಅವನೇ ಕದ್ದಿರಬೇಕೆಂದು ಅನುಮಾನ’ ಎಂದರೆ ಕದ್ದಿರಬಹುದು ಎಂದು. ಎರಡು ಕಡೆಯೂ ಒಂದೇ ಪದ! ಮಾತನಾಡುವಾಗ ವಾಕ್ಯದ ಉಳಿದ ಭಾಗ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಕ್ರಿಯಾಪದವೇ ಮಾಡಬೇಕು.

ಭಾರತೀಯ ತರ್ಕಶಾಸ್ತ್ರ ಮಾತ್ರ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದೆ. ನ್ಯಾಯದರ್ಶನದ 16 ಪದಾರ್ಥಗಳಲ್ಲಿ ಮೂರನೆಯದು ‘ಸಂಶಯ’. ಮಬ್ಬು ಬೆಳಕಿನಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂದು ಮನಸ್ಸು ತೂಗಾಡುವುದೇ ಸಂಶಯ. ‘ಅನುಮಾನ’ವಾದರೋ ಗುರುತು ಕಂಡು ಮಾಡುವ ಊಹೆ, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುವುದು. ‘ಡೌಟ್’ ಆ ಮೋಟುಮರದಂತೆ, ‘ಸಸ್ಪೆಕ್ಟ್’ ಹೊಗೆಯಂತೆ ಎಂದುಕೊಂಡರೆ ಎಂದೂ ಮರೆಯುವುದಿಲ್ಲ.

‘ಡೌಟ್’ ಪದದ ಮೂಲದಲ್ಲೂ ಈ ತೂಗಾಟವಿದೆ. ಇದರ ಲ್ಯಾಟಿನ್ ಮೂಲ ‘ಡುಬಿಟಾರೆ’. ‘ಎರಡು’ ಎಂಬರ್ಥದ ‘ಡುಓ’ ಅದರ ನೆಂಟ. ಎರಡು ಮನಸ್ಸಾಗುವುದು ಎಂದೇ ಅರ್ಥ. ಪದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಅಭಿಮಾನಿಗಳಾದ ಪಂಡಿತರು ಆಮೇಲೆ ಅದನ್ನು ಕಾಗುಣಿತಕ್ಕೆ ತುರುಕಿದರು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ, ಜನ ‘ಬಿ’ ಉಚ್ಚರಿಸುವುದಿಲ್ಲವಲ್ಲ ಎಂದು ಗೊಣಗುವ ಒಬ್ಬ ಮೇಷ್ಟರೇ ಇದ್ದಾರೆ. ಮೇಷ್ಟರ ಗೊಣಗಾಟ ಫಲಿಸಲಿಲ್ಲ. ‘ಡೌಟ್’, ‘ಡೆಟ್’ ಎರಡರಲ್ಲೂ ‘ಬಿ’ ಇಂದಿಗೂ ಮೌನಿ. ಮಕ್ಕಳು ಬರೆಯಬೇಕು, ಉಚ್ಚರಿಸಬಾರದು.

ಇನ್ನೊಂದು ಸ್ವಾರಸ್ಯವಿದೆ. ಷೇಕ್ಸ್‌ಪಿಯರನ ಕಾಲದಲ್ಲಿ ‘ಡೌಟ್’ಗೆ ‘ಹೀಗಾಗಿರಬಹುದೆಂದು ಶಂಕಿಸು’ ಎಂಬ ಅರ್ಥವೂ ಇತ್ತು. ಹ್ಯಾಮ್ಲೆಟ್ ಆ ಅರ್ಥದಲ್ಲಿ ಅದನ್ನು ಬಳಸುತ್ತಾನೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದು ಈಗಲೂ ಉಳಿದಿದೆ. ಹಾಗೆಂದು ಪರೀಕ್ಷೆಯಲ್ಲಿ ಹ್ಯಾಮ್ಲೆಟ್‌ನ ಸಾಕ್ಷಿ ಹೇಳಿ ಅಂಕ ಕೇಳುವಂತಿಲ್ಲ!

ಈ ಎರಡು ಪದಗಳ ಅಂತರ ಎಷ್ಟು ದೊಡ್ಡದೆಂಬುದು ನ್ಯಾಯಾಲಯದಲ್ಲಿ ಗೊತ್ತಾಗುತ್ತದೆ. ಪೊಲೀಸರು ಆರೋಪಿಯನ್ನು ಹಿಡಿಯುವುದು ‘ಸಸ್ಪಿಷನ್’ ಮೇಲೆ. ಅವನು ಬಿಡುಗಡೆಯಾಗುವುದು ‘ಬೆನಿಫಿಟ್ ಆಫ್ ಡೌಟ್’ನಿಂದ. ಅಪರಾಧವು ‘ಬಿಯಾಂಡ್ ರೀಸನಬಲ್ ಡೌಟ್’, ಅಂದರೆ ವಿವೇಕಿಗೆ ಸಂಶಯ ಉಳಿಯದಂತೆ ಸಾಬೀತಾಗಬೇಕು. ಗುಮಾನಿ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯದ ಜಾಗ ತುಂಬಲಾರದೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಒಂದು ಪದ ಕೈಗೆ ಬೇಡಿ ಹಾಕಿಸುತ್ತದೆ, ಇನ್ನೊಂದು ಬಿಚ್ಚಿಸುತ್ತದೆ.

ಇನ್ನು ಸಮಾನಾರ್ಥಕ ಪದಗಳು. ‘ಅನ್‌ಸರ್ಟನ್ಟಿ’ ಎಂದರೆ ಅನಿಶ್ಚಿತತೆ. ಫಲಿತಾಂಶ ಬರುವ ಮುನ್ನ ಇರುವ ಸ್ಥಿತಿ. ‘ಮಿಸ್‌ಗಿವಿಂಗ್’ ಎಂದರೆ ಒಳಗೊಳಗೇ ಕಾಡುವ ಅಳುಕು. ‘ಹೆಸಿಟೇಷನ್’ ಎಂದರೆ ಹೆಜ್ಜೆ ಇಡಲು ಹಿಂಜರಿಕೆ. ‘ಮಿಸ್‌ಟ್ರಸ್ಟ್’ ವ್ಯಕ್ತಿಯ ಮೇಲಿನ ಅಪನಂಬಿಕೆ. ‘ಸ್ಕೆಪ್ಟಿಸಿಸಂ’ ಎಂದರೆ ಪುರಾವೆ ಇಲ್ಲದೆ ಒಪ್ಪದ ಮನೋಭಾವ. ವಿಜ್ಞಾನದ ವಿದ್ಯಾರ್ಥಿಗೆ ಅದು ಭೂಷಣ. ‘ಡೌಟ್‌ಫುಲ್’ ಮತ್ತು ‘ಡೂಬಿಯಸ್’ ಅಕ್ಕಪಕ್ಕದ ಪದಗಳಾದರೂ ಎರಡನೆಯದಕ್ಕೆ ತುಸು ಕೆಟ್ಟ ವಾಸನೆ ಇದೆ. ‘ಡೂಬಿಯಸ್ ಕಂಪನಿ’ಯಲ್ಲಿ ಯಾರೂ ಹಣ ಹೂಡಬಾರದು. ‘ವಿದೌಟ್ ಡೌಟ್’ ಎಂದರೆ ಖಂಡಿತ. ಆದರೆ ‘ನೋ ಡೌಟ್’ ಎಂಬುದು ಎಷ್ಟೋ ಸಲ ‘ಬಹುಶಃ’ ಎನ್ನುವಷ್ಟಕ್ಕೇ ನಿಲ್ಲುತ್ತದೆ.

ಕೊನೆಗೆ ತರಗತಿಯ ‘ಡೌಟು’. ‘ಐ ಹ್ಯಾವ್ ಎ ಡೌಟ್’ ಎಂಬುದು ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದ ಅಧ್ಯಾಪಕರಿಗೆ ಮಾತ್ರ ‘ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆಯಿಲ್ಲ’ ಎಂದು ಕೇಳಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನುವುದೇ ಸರಿ. ಆದರೆ ತಂದೆತಾಯಿಯರು ಒಂದನ್ನು ಗಮನಿಸಬೇಕು. ‘ಡೌಟು’ ಎಂದ ಮಗುವಿನ ಪದವನ್ನು ತಿದ್ದಬಹುದು, ಪ್ರಶ್ನೆಯನ್ನು ಗದರಿ ಮುಚ್ಚಿಸಬಾರದು. ತಪ್ಪು ಪದದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕೇಳದೆ ನುಂಗಿದ ಪ್ರಶ್ನೆಗೆ ಸಿಗುವುದಿಲ್ಲ.

ಅಭ್ಯಾಸ: ಇವುಗಳಿಗೆ ಇಂಗ್ಲಿಷಿನಲ್ಲಿ ಯಾವ ಪದ ಹೊಂದುತ್ತದೆ?

1. ಈ ಸಲ ಕೆರೆ ತುಂಬುವುದು ಅನುಮಾನ.
2. ಹಾಲಿಗೆ ನೀರು ಬೆರೆಸಿದ್ದಾರೆಂದು ಅಜ್ಜಿಗೆ ಅನುಮಾನ.
3. ಮೇಡಂ, ಈ ಲೆಕ್ಕದಲ್ಲಿ ಒಂದು ಡೌಟು.
4. ಮಗಳನ್ನು ದೂರದ ಊರಿಗೆ ಕಳಿಸಲು ತಾಯಿಗೆ ಅಳುಕು.

ಉತ್ತರ: 1. ಡೌಟ್ 2. ಸಸ್ಪೆಕ್ಟ್ 3. ಕ್ವೆಶ್ಚನ್ 4. ಮಿಸ್‌ಗಿವಿಂಗ್.