ಜೀವಮಾನದ ಪೀಠಕ್ಕೆ ಸರಳ ಬಹುಮತ ಸಾಲದು
ಅಮೆರಿಕದ ಪೌರರಾಗಿ ಮತ ಹಾಕುತ್ತಿರುವ ಕನ್ನಡಿಗರಲ್ಲಿ ಮನವಿ



ಈ ದೇಶದಲ್ಲಿ ಅಧ್ಯಕ್ಷರ ಅವಧಿ ನಾಲ್ಕು ವರ್ಷ, ಸೆನೆಟರ್‌ಗಳದು ಆರು. ಫೆಡರಲ್ ನ್ಯಾಯಾಧೀಶರಿಗೆ ಮಾತ್ರ ಅವಧಿಯೇ ಇಲ್ಲ. ಒಮ್ಮೆ ಕೂತರೆ ಸಾಮಾನ್ಯವಾಗಿ ತಾವಾಗಿ ಇಳಿಯುವವರೆಗೆ, ಇಲ್ಲವೇ ಕೊನೆಯುಸಿರಿನವರೆಗೆ ಪೀಠ ಅವರದೇ. ನಮ್ಮ ವೀಸಾ, ಪೌರತ್ವದ ತಕರಾರುಗಳು ಕೊನೆಗೆ ಹೋಗಿ ನಿಲ್ಲುವುದೂ ಅವರ ಮುಂದೆಯೇ. ಅಂಥವರನ್ನು ಕೂರಿಸಲು 100 ಸದಸ್ಯರ ಸೆನೆಟ್‌ನಲ್ಲಿ ಈಗ ಒಂದೇ ಪಕ್ಷದ ಸರಳ ಬಹುಮತ ಸಾಕು. ಇದು ತಪ್ಪು. 60 ಮತಗಳ ಕಟ್ಟಳೆ ಮತ್ತೆ ಬರಬೇಕು.

ಚರ್ಚೆ ಮುಗಿಯಲು ಬಿಡದೆ ನೇಮಕವನ್ನು ತಡೆಹಿಡಿಯುವುದೇ ಫಿಲಿಬಸ್ಟರ್. ಅದನ್ನು ಮುರಿಯಲು 1975ರಿಂದ 60 ಮತ ಬೇಕಿತ್ತು, ಅದಕ್ಕೆ ಮುಂಚೆ ಮೂರನೇ ಎರಡರಷ್ಟು. 1968ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಏಬ್ ಫೋರ್ಟಸ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗದಂತೆ ತಡೆದದ್ದು ಇದೇ ಅಸ್ತ್ರ. ಎರಡೂ ಪಕ್ಷಗಳವರು ಸೇರಿ ತಡೆದಿದ್ದರು. ಮರುವರ್ಷ ಹಣದ ವ್ಯವಹಾರವೊಂದು ಬಯಲಾಗಿ ಫೋರ್ಟಸ್ ಸುಪ್ರೀಂ ಕೋರ್ಟನ್ನೇ ಬಿಡಬೇಕಾಯಿತು.

ಈ ಕಟ್ಟಳೆಯನ್ನು ಮುರಿದ ಬಗೆ ನೋಡಿ. 2013ರ ನವೆಂಬರ್ 21. ನಿಯಮ ತಿದ್ದುವುದಕ್ಕೆ ಚರ್ಚೆ ನಿಲ್ಲಿಸಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಅಷ್ಟು ಬಲ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಅವರಿಗಿರಲಿಲ್ಲ. ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಸರಳ ಬಹುಮತವೇ ಸಾಕೆಂದು ಅವರು ಕ್ರಿಯಾಲೋಪ ಎತ್ತಿದರು. ಸೆನೆಟ್‌ನ ಸಭಾಪತಿ ಪೀಠ ಅದನ್ನು ನಿಯಮದಂತೆ ತಳ್ಳಿಹಾಕಿತು. ಆ ರೂಲಿಂಗನ್ನೇ ಮತಕ್ಕೆ ಹಾಕಿಸಿ 52–48ರಲ್ಲಿ ಉರುಳಿಸಿದರು. ಚರ್ಚೆ ಮುಗಿಸುವ ಬಗೆಯನ್ನು ಹೇಳುವ 22ನೇ ನಿಯಮದ ಒಂದಕ್ಷರವೂ ಬದಲಾಗಲಿಲ್ಲ, ಆದರೆ ನಿಯಮ ಸತ್ತಿತು. 2017ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅದೇ ತಂತ್ರವನ್ನು ಸುಪ್ರೀಂ ಕೋರ್ಟಿಗೂ ವಿಸ್ತರಿಸಿದರು.

ಫಲ ಕಣ್ಣೆದುರಿಗಿದೆ. ಸುಪ್ರೀಂ ಕೋರ್ಟಿನ ನೇಮಕದಲ್ಲಿ 1986ರಲ್ಲಿ ಆಂಟೊನಿನ್ ಸ್ಕಲಿಯಾ ಗೆದ್ದದ್ದು 98–0 ಮತಗಳಿಂದ. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ 96–3ರಿಂದ. ವಿಚಾರದಲ್ಲಿ ಉತ್ತರ ದಕ್ಷಿಣವಾಗಿದ್ದ ಈ ಇಬ್ಬರನ್ನೂ ಸದನ ಒಪ್ಪಿತ್ತು. 2017ರ ಆ ಬದಲಾವಣೆಯ ಬಳಿಕ? ಗೋರ್ಸಚ್ 54–45, ಕ್ಯಾವನಾ 50–48, ಬ್ಯಾರೆಟ್ 52–48, ಜ್ಯಾಕ್ಸನ್ 53–47. ಒಬ್ಬರೂ 60 ಮುಟ್ಟಲಿಲ್ಲ. ಎದುರು ಪಕ್ಷದವರನ್ನು ಕೇಳುವ ಅಗತ್ಯವೇ ಇಲ್ಲವೆಂದ ಮೇಲೆ, ಅವರೂ ಒಪ್ಪುವಂಥ ಹೆಸರನ್ನು ಅಧ್ಯಕ್ಷರು ಏಕೆ ಹುಡುಕಬೇಕು?

ಫಿಲಿಬಸ್ಟರ್‌ನ ದುರುಪಯೋಗವಾಗಿದೆ ಎನ್ನುವವರ ಮಾತು ಸುಳ್ಳಲ್ಲ. ಫೆಡರಲ್ ನ್ಯಾಯಾಧೀಶ ಹುದ್ದೆಗೆ ಹೆಸರಿಸಲಾಗಿದ್ದ ಮಿಗೆಲ್ ಎಸ್ಟ್ರಾಡಾ ಅವರ ನೇಮಕದ ಚರ್ಚೆ ಮುಗಿಸಲು ಏಳು ಸಲ ಮತ ಹಾಕಿದರೂ 60 ದಕ್ಕದೆ, 2003ರಲ್ಲಿ ಅವರು ಹಿಂದೆ ಸರಿದರು. ಅದು ಅನ್ಯಾಯವೇ. ಆದರೆ ಸರಳ ಬಹುಮತ ಖಾಲಿ ಪೀಠಕ್ಕೆ ಮದ್ದಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರಿಸಲಾಗಿದ್ದ ಮೆರಿಕ್ ಗಾರ್ಲೆಂಡ್ ಅವರಿಗೆ ವಿಚಾರಣೆಯನ್ನೇ ಕೊಡದೆ ಕೂತದ್ದು ಅಲ್ಪಸಂಖ್ಯಾತರಲ್ಲ, ಬಹುಮತದ ಪಕ್ಷ. ಇನ್ನು 2005ರಲ್ಲಿ, ಪಕ್ಷಕ್ಕೆ ಏಳರಂತೆ 14 ಸೆನೆಟರ್‌ಗಳು ಒಂದಾಗಿ, ಅಸಾಧಾರಣ ಸಂದರ್ಭದಲ್ಲಷ್ಟೇ ತಡೆಯುವುದೆಂದು ಒಪ್ಪಂದ ಮಾಡಿಕೊಂಡು, ನಿಯಮ ಮುರಿಯದೆಯೇ ಸಿಕ್ಕಿಕೊಂಡಿದ್ದ ಕೆಲವು ನೇಮಕಗಳನ್ನು ಬಿಡಿಸಿದ್ದರು.

ಅದಕ್ಕೇ ನಾವು ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೇವೆ. ಹೆಸರು ಬಂದ ಮೇಲೆ ಗೊತ್ತಾದ ದಿನಗಳೊಳಗೆ ವಿಚಾರಣೆ ಮತ್ತು ಮತದಾನ ಆಗಲೇಬೇಕು. ಗೆಲ್ಲಲು 60 ಮತ ಬೇಕು. ಸಿಗದಿದ್ದರೆ ಅಧ್ಯಕ್ಷರು ಬೇರೆ ಹೆಸರು ಕಳಿಸಲಿ. ಇದನ್ನು ಇಂದಿನ ಅಧ್ಯಕ್ಷರನ್ನು ಕಟ್ಟಿಹಾಕಲು ಅಲ್ಲ, ಮುಂದಿನ ಅಧ್ಯಕ್ಷರ ಅವಧಿಯಿಂದ ಜಾರಿಯಾಗುವಂತೆ ತರಲಿ. ಆಗ ಯಾರಿಗೆ ಲಾಭ ಎಂಬ ಲೆಕ್ಕಾಚಾರಕ್ಕೆ ಎಡೆಯಿರುವುದಿಲ್ಲ.

ಪ್ರತಿ ರಾಜ್ಯಕ್ಕೂ ಇಬ್ಬರು ಸೆನೆಟರ್‌ಗಳಿದ್ದಾರೆ. ನಿಮ್ಮವರಿಬ್ಬರ ಕಚೇರಿಗೂ ಫೋನ್ ಮಾಡಿ, ಪತ್ರ ಬರೆಯಿರಿ. ಅದರಲ್ಲೂ ನೀವು ಮೆಚ್ಚುವ ಪಕ್ಷ ಬಹುಮತದಲ್ಲಿರುವಾಗಲೇ ಕೇಳಿ.