ಜವಾಬು ಇಲ್ಲದ ಜವಾಬ್ದಾರಿ

‘ಜವಾಬ್ದಾರಿ’ ಎಂಬ ಮಾತು ಕಿವಿಗೆ ಬೀಳದೆ ಕಾಲೇಜಿನಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಅದನ್ನು ನಾವು ಹೊರುತ್ತೇವೆ, ವಹಿಸಿಕೊಳ್ಳುತ್ತೇವೆ, ವರ್ಷಾಂತ್ಯದಲ್ಲಿ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತೇವೆ. ಅದೊಂದು ಮೂಟೆಯೋ ಎಂಬಂತೆ. ಆದರೆ ಪದದ ಒಳಗಿರುವುದು ಮೂಟೆಯಲ್ಲ, ಜವಾಬು. ‘ಜವಾಬ್’ ಅರಬ್ಬಿಯ ಮಾತು, ಉತ್ತರವೆಂದರ್ಥ. ‘ದಾರ್’ ಪಾರಸಿಯದು, ಉಳ್ಳವನೆಂದರ್ಥ. ಕೇಳಿದಾಗ ಉತ್ತರ ಹೇಳಬೇಕಾದವನೇ ಜವಾಬ್ದಾರ. ಸಂಸ್ಕೃತದ ‘ಉತ್ತರದಾಯಿ’ಯ ಅಭಿಪ್ರಾಯವೂ ಇದೇ. ಉತ್ತರವುಂಟೆಂದ ಮೇಲೆ ಕೇಳುವವನೊಬ್ಬನು ಇರಲೇಬೇಕಷ್ಟೆ. ನಮ್ಮ ಬಳಕೆಯಲ್ಲಿ ಮಾಯವಾಗಿರುವವನು ಅವನೇ.

ನಮ್ಮ ಹಿರಿಯರು ಅವನನ್ನು ಮರೆತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ರಂಗಾಚಾರ್ಲು, ವಿಶ್ವೇಶ್ವರಯ್ಯನವರಂತಹ ದಕ್ಷ ದಿವಾನರೂ ಇದ್ದರು. ಕರ್ತವ್ಯನಿಷ್ಠೆಯೊಂದೇ ಜವಾಬ್ದಾರಿಯಾಗಿದ್ದರೆ ಇನ್ನೇನು ಬೇಕಿತ್ತು? ಆದರೂ 1947ರಲ್ಲಿ ಜನರು ‘ಜವಾಬ್ದಾರಿ ಸರ್ಕಾರ’ ಬೇಕೆಂದು ‘ಮೈಸೂರು ಚಲೋ’ ಹೂಡಿದರು, ವಿದ್ಯಾರ್ಥಿಗಳೂ ಬೀದಿಗಿಳಿದರು. ದಿವಾನರು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ಉತ್ತರ ಯಾರಿಗೆ ಎಂಬುದೇ ಆ ಹೋರಾಟದ ತಿರುಳು. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಅಚ್ಚಕನ್ನಡದ ‘ಹೊಣೆ’ ಇನ್ನೂ ಬಿಗಿಯಾದ ಮಾತು. ಹಳಗನ್ನಡದಲ್ಲಿ ಅದು ‘ಪೊಣೆ’, ಜಾಮೀನು ನಿಲ್ಲುವುದೆಂದರ್ಥ. ಸಾಲಗಾರನು ಕೈಯೆತ್ತಿದರೆ ಹೊಣೆ ನಿಂತವನ ಗಂಟು ಕರಗುತ್ತದೆ. 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತವಾದಾಗ ಲಾಲ್ ಬಹಾದುರ್ ಶಾಸ್ತ್ರಿಯವರು ಮಂತ್ರಿಪದವಿಯನ್ನೇ ಬಿಟ್ಟರು. ರೈಲನ್ನು ಅವರೇನೂ ಓಡಿಸುತ್ತಿರಲಿಲ್ಲ! ಈಗಲೋ, ‘ನೈತಿಕ ಹೊಣೆ ಹೊತ್ತಿದ್ದೇನೆ’ ಎಂದು ಕುರ್ಚಿಯಲ್ಲಿ ಕುಳಿತೇ ಹೇಳುವುದುಂಟು. ಇದಕ್ಕಿಂತ 2011ರ ನಮ್ಮ ‘ಸಕಾಲ’ ಕಾಯಿದೆಯೇ ಪದಕ್ಕೆ ಹೆಚ್ಚು ನ್ಯಾಯ ಸಲ್ಲಿಸಿದೆ ಎಂದು ನನಗೆ ತೋರುತ್ತದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೊಡಬೇಕು. ತಪ್ಪು ನೌಕರನದಾದರೆ ಅವನ ಸಂಬಳದಿಂದಲೇ. ಮೊತ್ತ ಅತ್ಯಲ್ಪ, ನಿಜ, ಕೇಳುವವರೂ ಕಡಿಮೆಯೇ. ಆದರೂ ಕೇಳುವವನಿಗೆ ಅಲ್ಲಿ ಸ್ಥಾನವಿದೆ.

ವಿದ್ಯಾರ್ಥಿಗಳ ನಡುವೆ ಅವನಿಗೆ ಸ್ಥಾನವೆಲ್ಲಿ? ಸಂಘದ ಶುಲ್ಕವನ್ನು ಎಲ್ಲರೂ ಕೊಡುತ್ತೇವೆ. ಖರ್ಚಿನ ವಿವರ ಕೇಳಿದವನನ್ನು ಮಾತ್ರ ‘ಅನುಮಾನದ ಪ್ರಾಣಿ’ ಎಂದು ನಗುತ್ತೇವೆ. ಕೇಳುವುದು ಅವಿಶ್ವಾಸವೂ ಅಲ್ಲ, ಅಗೌರವವೂ ಅಲ್ಲ; ಕಾರ್ಯದರ್ಶಿಗೆ ನಾವೇ ಕೊಟ್ಟ ಪದವಿಯ ಇನ್ನರ್ಧ ಅದು. ಬರುವ ವರ್ಷದ ಕಾರ್ಯದರ್ಶಿಗಳು ವಾರ್ಷಿಕೋತ್ಸವ ಮುಗಿದ ಹದಿನೈದು ದಿನಗಳೊಳಗೆ ಜಮಾಖರ್ಚನ್ನು ಸೂಚನಾ ಫಲಕದಲ್ಲಿ ಹಚ್ಚಲಿ. ಕೆಳಗೆ ಪ್ರಶ್ನೆ ಬರೆಯಲು ಒಂದಿಷ್ಟು ಖಾಲಿ ಜಾಗವನ್ನೂ ಬಿಡಲಿ.